ಗಾಳಿಯನ್ನು ತೆಗೆದರೆ ಸಾಕೆ?

ಆಹಾರವನ್ನು ಸಂಪಾದಿಸುವುದು ಎಷ್ಟು ಕಷ್ಟವೋ ಅದನ್ನು ಕೆಡದಂತೆ ಕಾಪಾಡುವುದೂ ಅಷ್ಟೇ ಕಷ್ಟವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಹಪ್ಪಳ ಸಂಡಿಗೆಗಳನ್ನು ಬಿಸಿಲಿಗೆ ಹರಡಿ ನೀರಿನ ಪಸೆಯನ್ನು ಕಳೆದರು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಮುಳುಗಿಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು. ರಾಗಿ ಜೋಳಗಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತಿದರು. ಈ ಹಗೇವಿನ ಮರ್ಮ ಸ್ವಾರಸ್ಯವಾದುದು. ಒಳಗಿನ ಕಾಳು ತಾನೇ ಉಸಿರಾಡಿ ಅಲ್ಲಿನ ಆಮ್ಲಜನಕವನ್ನು ಕ್ರಮೇಣ ತೀರಿಸಿಬಿಡುತ್ತದೆ; ಆಮ್ಲಜನಕವಿಲ್ಲದೆಡೆಯಲ್ಲಿ ಹುಳು ಬಾಳಲಾರದು. ಹಗೇವನ್ನು ತೆರೆದೊಡನೆ ಅದರೊಳಕ್ಕೆ ಯಾರೂ ಇಳಿಯಬಾರದೆಂಬ ಹಳೆಯ ಕಟ್ಟಳೆಗೂ ಇದೇ ಕಾರಣ.

ಇಂದು ಪಾತ್ರೆ ಪರಿಕರಗಳ ಅಂಗಡಿಗಳಲ್ಲಿ ‘ವ್ಯಾಕ್ಯೂಮ್ ಸೀಲರ್’ ಎಂಬ ಹೆಸರಿನ ಯಂತ್ರ ದೊರೆಯುತ್ತದೆ. ಚೀಲದೊಳಗಿನ ಗಾಳಿಯನ್ನು ಹೀರಿ, ಅದರ ಬಾಯಿಯನ್ನು ಕಾವಿನಿಂದ ಬೆಸೆಯುವುದು ಇದರ ಕೆಲಸ. ಕೊಳ್ಳಬೇಕೆನ್ನುವವರು ಮೊದಲು ಬೆಲೆಯನ್ನು ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಗಾಳಿಯನ್ನು ತೆಗೆದಮಾತ್ರಕ್ಕೆ ಆಹಾರ ಕೆಡುವುದು ನಿಲ್ಲುತ್ತದೆಯೆ?

ಒಂದು ಹಳೆಯ ತಪ್ಪು ತಿಳಿವಳಿಕೆ

ಫ್ರಾನ್ಸ್ ದೇಶದ ಮಿಠಾಯಿಗಾರ ನಿಕೊಲಾ ಆಪೇರ್ ಎಂಬಾತ ಆಹಾರವನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಬಹುಕಾಲ ಕಾಪಾಡುವ ವಿಧಾನವನ್ನು ಕಂಡುಹಿಡಿದನು. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕುಗಳ ಬಹುಮಾನವಿತ್ತಿತು. ಆ ಸೀಸೆಗಳನ್ನು ಪರೀಕ್ಷಿಸಿದ ಪ್ರಸಿದ್ಧ ವಿಜ್ಞಾನಿ ಗೇ-ಲುಸ್ಸಾಕನು, ಒಳಗೆ ಆಮ್ಲಜನಕವಿಲ್ಲದಿರುವುದೇ ಆಹಾರ ಕೆಡದಿರಲು ಕಾರಣವೆಂದು ಭಾವಿಸಿದನು. ಕೆಡಿಸುವವು ಸೂಕ್ಷ್ಮಜೀವಿಗಳು, ಅವುಗಳನ್ನು ಕೊಂದದ್ದು ಕಾವು, ಎಂಬುದು ಸ್ಪಷ್ಟವಾಗಲು 1860ರ ದಶಕದ ಪಾಸ್ಚರನ ಪ್ರಯೋಗಗಳವರೆಗೆ ಕಾಯಬೇಕಾಯಿತು. ಗೇ-ಲುಸ್ಸಾಕನಂಥ ಪಂಡಿತನನ್ನೇ ಮೋಸಗೊಳಿಸಿದ ಭ್ರಮೆ ಇಂದಿನ ಗೃಹಸ್ಥನನ್ನು ಮೋಸಗೊಳಿಸಿದರೆ ಆಶ್ಚರ್ಯವಿಲ್ಲ.

ಬೂಷ್ಟು ಬೆಳೆಯಲು ಗಾಳಿ ಬೇಕು. ಕೊಬ್ಬರಿ, ಕಡಲೆಕಾಯಿಗಳ ಎಣ್ಣೆಯಂಶ ಕಮಟುವುದಕ್ಕೂ ಗಾಳಿ ಬೇಕು. ಇವೆರಡನ್ನೂ ಯಂತ್ರ ತಡೆಯುತ್ತದೆ. ಆದರೆ ಗಾಳಿಯಿಲ್ಲದೆಡೆಯಲ್ಲಿಯೇ ಹುಲುಸಾಗಿ ಬೆಳೆಯುವ ಜೀವಿಗಳೂ ಉಂಟು. ಅವುಗಳಲ್ಲಿ ಅತ್ಯಂತ ಘೋರವಾದುದು ಕ್ಲಾಸ್ಟ್ರಿಡಿಯಮ್ ಬೊಟುಲಿನಮ್. ಮಣ್ಣಿನಲ್ಲಿ ನೆಲೆಸಿರುವ ಇದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಆದುದರಿಂದಲೇ ಡಬ್ಬಿ ಆಹಾರದ ಕಾರ್ಖಾನೆಗಳಲ್ಲಿ ಒತ್ತಡದ ಹಬೆಯಿಂದ 121 ಡಿಗ್ರಿಯಷ್ಟು ಕಾವು ಕೊಡುತ್ತಾರೆ. ಇದು ಉಂಟುಮಾಡುವ ವಿಷ ನರಗಳನ್ನು ಸ್ತಬ್ಧಗೊಳಿಸಿ, ಕಡೆಗೆ ಉಸಿರನ್ನೇ ನಿಲ್ಲಿಸಬಲ್ಲುದು. ಆಹಾರ ಹಳಸಿದಾಗ ಮೂಗಿಗೆ ಬಡಿಯುವ ವಾಸನೆ ನಮಗೊಂದು ಎಚ್ಚರಿಕೆ. ಈ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಹೆದರಬೇಕಾದುದಿಲ್ಲ, ವಿವೇಚನೆ ಸಾಕು. ಚೆನ್ನಾಗಿ ಒಣಗಿದ ಪದಾರ್ಥದಲ್ಲಿ ಈ ಜೀವಿ ಬೆಳೆಯಲಾರದು; ಸಾಕಷ್ಟು ಹುಳಿಯಿರುವಲ್ಲಿಯೂ ಬೆಳೆಯಲಾರದು. ಸಾರಿನ ಪುಡಿ, ಚಟ್ನಿಪುಡಿ, ಬೇಳೆ, ಗೋಡಂಬಿ, ಕೊಬ್ಬರಿಗಳನ್ನು ಚೀಲದಲ್ಲಿ ಬೆಸೆದು ಕಪಾಟಿನಲ್ಲಿಡಬಹುದು. ಪಲ್ಯ, ಬೇಯಿಸಿದ ಬೇಳೆ, ಸುಲಿದ ಬೆಳ್ಳುಳ್ಳಿ, ಅಣಬೆ ಇವುಗಳನ್ನು ಹಾಗಿಡಲೇಬಾರದು. ದೂರದೇಶದಲ್ಲಿರುವ ಮಗನಿಗೆ ತಾಯಿ ಪ್ರೀತಿಯಿಂದ ಕಳುಹಿಸುವ ಗಂಟಿನಲ್ಲಿ ಪುಡಿಗಳಿರಲಿ. ಗಾಳಿ ತೆಗೆದಿದೆಯೆಂಬ ಧೈರ್ಯದಿಂದ ಹಸಿ ಪಸೆಯ ಅಡುಗೆ ಬೇಡ.

ಹಸಿ ಪದಾರ್ಥಗಳಿಗೆ ಚೀಲದ ಜೊತೆಗೆ ತಂಪೂ ಬೇಕು. ಮೈನಸ್ 18 ಡಿಗ್ರಿಯ ಶೀತಪೆಟ್ಟಿಗೆಯಲ್ಲಿ ಮೀನು, ಮಾಂಸ, ಬಟಾಣಿಗಳು ಒಣಗಿ ಬಿಳಿಚಿಕೊಳ್ಳದೆ ತಿಂಗಳುಗಟ್ಟಲೆ ಉಳಿಯುವುದು ಈ ಚೀಲದ ನಿಜವಾದ ಉಪಕಾರ. ಹೆಪ್ಪುಗಟ್ಟಿದ ಮೀನನ್ನು ಕರಗಿಸುವ ಮುನ್ನ ಮಾತ್ರ ಚೀಲವನ್ನು ಕತ್ತರಿಸಿ ಗಾಳಿಯಾಡಲು ಬಿಡಬೇಕೆಂಬುದನ್ನು ಮರೆಯಬಾರದು.

ಯಂತ್ರದ ಆಯ್ಕೆ

ಯಂತ್ರಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಚೀಲದ ಬಾಯಿಯನ್ನಷ್ಟೇ ಕಚ್ಚಿಸಿ ಗಾಳಿಯನ್ನು ಹೊರಗಿನಿಂದ ಹೀರಲಾಗುತ್ತದೆ. ಇದು ಹಗುರ, ಬೆಲೆಯೂ ಕಡಮೆ. ಆದರೆ ಉಬ್ಬುಗೆರೆಗಳುಳ್ಳ ವಿಶೇಷ ಚೀಲವೇ ಬೇಕು, ಮತ್ತು ದ್ರವವಿದ್ದರೆ ಗಾಳಿಯೊಡನೆ ಅದನ್ನೂ ಎಳೆದುಕೊಳ್ಳುತ್ತದೆ. ಎರಡನೆಯದು ಪೆಟ್ಟಿಗೆಯಂಥದು. ಇಡೀ ಚೀಲವನ್ನು ಒಳಗಿಟ್ಟು ಪೆಟ್ಟಿಗೆಯ ಗಾಳಿಯನ್ನೇ ತೆಗೆಯುವುದರಿಂದ ಒಳಗೂ ಹೊರಗೂ ಒತ್ತಡ ಸಮವಾಗಿದ್ದು, ತಣಿದ ಸಾರೂ ಚೆಲ್ಲುವುದಿಲ್ಲ. ಸಾದಾ ನುಣುಪು ಚೀಲವೂ ಸಾಕು. ಆದರೆ ಭಾರ ಹೆಚ್ಚು, ಬೆಲೆ ಹಲವು ಪಟ್ಟು. ಪುಡಿ ಬೇಳೆಗಳನ್ನಷ್ಟೇ ಕಟ್ಟುವ ಮನೆಗೆ ಮೊದಲನೆಯದೇ ಯಥೇಷ್ಟ.

ಡಬ್ಬದ ಮೇಲೆ ಮೈನಸ್ 60 ಅಥವಾ 80 ಕಿಲೋಪ್ಯಾಸ್ಕಲ್ ಎಂದು ಅಚ್ಚಾಗಿರುವುದುಂಟು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101. ಎಂದಮೇಲೆ 60ರ ಯಂತ್ರ ಐದರಲ್ಲಿ ಎರಡು ಪಾಲು ಗಾಳಿಯನ್ನೂ, 80ರದು ಒಂದು ಪಾಲನ್ನೂ ಒಳಗೇ ಉಳಿಸುತ್ತದೆ. ಮಂಗಳೂರಿನಲ್ಲಿ ಕಾಣುವ ಅಂಕಿ, ಸುಮಾರು 920 ಮೀಟರು ಎತ್ತರದ ಬೆಂಗಳೂರಿನಲ್ಲಿ ಕಾಣದಿದ್ದರೆ ಯಂತ್ರ ಕೆಟ್ಟಿತೆನ್ನಬಾರದು. ಅಲ್ಲಿನ ಗಾಳಿಯ ಒತ್ತಡವೇ ಸುಮಾರು 91. ಹೀಗೆ ಸ್ವಲ್ಪ ಗಾಳಿ ಉಳಿಯುವುದರಿಂದ ಅಕ್ಕಿಯ ಹುಳು, ಮೊಟ್ಟೆಗಳೆಲ್ಲ ಚೀಲದಲ್ಲಿ ಸಾಯುವುವೆಂದು ನಂಬುವಂತಿಲ್ಲ. ಮೊದಲೇ ನಾಲ್ಕಾರು ದಿನ ಶೀತಪೆಟ್ಟಿಗೆಯಲ್ಲಿಟ್ಟು, ಪಸೆಯಾರಿಸಿ ಕಟ್ಟುವುದು ಲೇಸು.

ಹೀರುವಿಕೆಯನ್ನು ನಡುವೆ ನಿಲ್ಲಿಸುವ ಗುಂಡಿಯಿದೆಯೆ ಎಂದು ನೋಡಿ. 20 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಉದ್ದದ ಚೀಲದ ಒಂದು ಮೈಮೇಲೆ, 60ರ ಯಂತ್ರವೇ ಆದರೂ, ಹೊರಗಾಳಿ ಒತ್ತುವ ಭಾರ ಸುಮಾರು 360 ಕಿಲೋಗ್ರಾಂ! ಕೋಡುಬಳೆ ಚಕ್ಕುಲಿಗಳ ಗತಿಯನ್ನು ಹೇಳಬೇಕಾದುದಿಲ್ಲ.

ಯಂತ್ರವನ್ನು ಒಮ್ಮೆ ಕೊಂಡರಾಯಿತು. ಚೀಲದ ಖರ್ಚು ಮಾತ್ರ ನಿಲ್ಲದು. ಸಾದಾ ಪಾಲಿಥೀನಿನ ಮೂಲಕ ಆಮ್ಲಜನಕ ಮೆಲ್ಲಗೆ ನುಸುಳುತ್ತದೆ. ಆದುದರಿಂದ ಗಾಳಿಯನ್ನು ತಡೆಯಲು ಹೊರಗೆ ನೈಲಾನು, ಕಾವಿಗೆ ಕರಗಿ ಬೆಸೆಯಲು ಒಳಗೆ ಪಾಲಿಥೀನು, ಹೀಗೆ ಎರಡು ಪದರವಿರುವ ಚೀಲವೇ ಆಗಬೇಕು. ಬೇರೆ ತಯಾರಕರ ಚೀಲ ಯಂತ್ರಕ್ಕೆ ಒಗ್ಗುವುದೆ, ರಬ್ಬರಿನ ಪಟ್ಟಿ ಸವೆದರೆ ಬದಲಿ ಸಿಕ್ಕೀತೆ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ಬೆಸುಗೆಯ ಗೆರೆ ಅಗಲವಾಗಿರಲಿ, ಎರಡಿದ್ದರೆ ಇನ್ನೂ ಉತ್ತಮ. ಬಾಯಿಯ ಬಳಿ ಪುಡಿಯ ಒಂದು ಕಣ ಸಿಕ್ಕಿಕೊಂಡರೂ ಬೆಸುಗೆ ಬಿಡುತ್ತದೆ; ಪುಡಿಯ ಮೇಲೊಂದು ಕಾಗದದ ತುಂಡಿಟ್ಟು ಹೀರಿಸಿದರೆ ಈ ತೊಂದರೆಯಿಲ್ಲ.

ವಾರಕ್ಕೊಮ್ಮೆ ಸಂತೆಗೆ ಹೋಗಿ ತಾಜಾ ತಂದು ಅಂದಂದಿಗೇ ಮುಗಿಸುವ ಮನೆಗೆ ಈ ಯಂತ್ರದ ಅಗತ್ಯವೇ ಇಲ್ಲ. ಅಗತ್ಯವುಳ್ಳವರು ಕೊಳ್ಳಲಿ. ಕೊಂಡಮೇಲೂ ಒಣಗಿಸುವ ಬಿಸಿಲು, ಉಪ್ಪು, ಹುಳಿ, ತಂಪು ಇವುಗಳ ಕೆಲಸ ಇವುಗಳಿಗೇ ಇರಲಿ. ಪ್ರತಿ ಚೀಲದ ಮೇಲೂ ಕಟ್ಟಿದ ದಿನಾಂಕವಿರಲಿ. ಚೀಲವನ್ನು ನೋಡಿ ಒಳಗಿನ ಪದಾರ್ಥದ ವಯಸ್ಸನ್ನು ಹೇಳಬಲ್ಲವರು ಯಾರೂ ಇಲ್ಲ.