ರೋಗದಲ್ಲಿಯೂ ಆಟದಲ್ಲಿಯೂ ಜೊತೆಗಾರ

ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿರುವ ಜಲಾಶಯದ ನೀರು ಅಂಜನಾಪುರದ ಸುತ್ತಣ ಗದ್ದೆ ತೋಟಗಳಿಗೆ ಹರಿಯುತ್ತದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಈ ಸೀಮೆಯಲ್ಲಿ ನಾಟಿಗೆ ಕೂಡಿ ಇಳಿಯುವ ಗೆಳೆಯರು ಬಿಡುವಿನ ವೇಳೆ ಕಬಡ್ಡಿಯ ಅಂಕಣಕ್ಕೂ ಕೂಡಿಯೇ ಇಳಿಯುವರು. ಹೀಗೆ ಬಾಲ್ಯದಿಂದ ಒಂದೇ ತಂಡದಲ್ಲಿ ಆಡಿದವರಲ್ಲಿ ಒಬ್ಬನಿಗೆ ಕ್ಷಯರೋಗ ತಗುಲಿದರೆ ಮತ್ತೊಬ್ಬನು ಏನು ಮಾಡಬಲ್ಲನು? ಅವನ ಮಡದಿ ಏನು ಮಾಡಬಲ್ಲಳು? ಇದನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು.

ಮೊದಲ ಸುಳಿವು

ಕಬಡ್ಡಿಯು ಉಸಿರಿನ ಆಟ. ಒಂದೇ ಉಸಿರಿನಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗಿ ಮರಳುತ್ತಿದ್ದವನು ನಡುವೆಯೇ ಕೆಮ್ಮಿ ನಿಲ್ಲುವನೆಂದು ಭಾವಿಸೋಣ. ಅದನ್ನು ಮೊದಲು ಕಾಣುವವನು ಪಕ್ಕದಲ್ಲಿ ನಿಂತ ಗೆಳೆಯ. ರಾತ್ರಿ ಬೆವರಿನಿಂದ ಹಾಸಿಗೆ ತೊಯ್ದಿರುವುದನ್ನು ಕಾಣುವವಳು ಮಡದಿ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಹಸಿವು ಮತ್ತು ತೂಕ ಕುಗ್ಗುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಕೂಡಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ಸರಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಹಳ್ಳಿಯ ಜನ ರೋಗವನ್ನು ಅರಿಯರು ಎಂಬ ಮಾತು ಸರಿಯಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳ ಪೈಕಿ ಬಹುಮಂದಿ ತಮ್ಮ ಲಕ್ಷಣಗಳನ್ನು ತಾವೇ ಗುರುತಿಸಿದ್ದರು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನೂ ಅರಸಿದ್ದರು. ಅನೇಕರನ್ನು ತಡೆಯುವುದು ಅಜ್ಞಾನಕ್ಕಿಂತ ಅಂಜಿಕೆ, ದೂರ ಮತ್ತು ಕೂಲಿಯ ನಷ್ಟ. ಇಂತಹ ವೇಳೆ "ನಡೆ, ನಾನೂ ಬರುತ್ತೇನೆ" ಎಂಬ ಗೆಳೆಯನ ಮಾತು ಎಷ್ಟೋ ಉಪದೇಶಗಳಿಗಿಂತ ಮೇಲು.

ಮನೆಯೇ ಚಿಕಿತ್ಸಾಲಯ

ಹಿಂದೆ ಕ್ಷಯರೋಗಿಗಳನ್ನು ದೂರದ ಆರೋಗ್ಯಧಾಮಗಳಲ್ಲಿ ಇರಿಸುತ್ತಿದ್ದರು. ಮದರಾಸಿನ ಕ್ಷಯರೋಗ ಕೀಮೋಥೆರಪಿ ಕೇಂದ್ರವು 1959ರಲ್ಲಿ ಪ್ರಕಟಿಸಿದ ಅಧ್ಯಯನವು, ಮನೆಯಲ್ಲಿದ್ದು ಔಷಧಿ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣಹೊಂದುವರೆಂದು ತೋರಿಸಿತು. ಆದ್ದರಿಂದ ರೋಗಿಯನ್ನು ಮನೆಯಿಂದಾಗಲಿ ಊರಿನಿಂದಾಗಲಿ ಹೊರಗಿಡುವ ಅಗತ್ಯವಿಲ್ಲ. ಅಗತ್ಯವಿರುವುದು ತಪ್ಪದ ಔಷಧಿ.

ಶ್ವಾಸಕೋಶದ ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆಯ ಅವಧಿ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು. ಮುಂದಿನ ನಾಲ್ಕು ತಿಂಗಳು ಮೂರು. ಅಪಾಯವಿರುವುದು ಇವುಗಳ ನಡುವಿನ ಸಂಧಿಯಲ್ಲಿ. ಎರಡು ತಿಂಗಳೊಳಗೆ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ, ಮೈಗೆ ಕಸುವು ಬರುತ್ತದೆ. "ನನಗೆ ಗುಣವಾಯಿತು" ಎಂದು ರೋಗಿಯು ಗುಳಿಗೆ ಬಿಟ್ಟು ಅಂಕಣಕ್ಕೆ ಇಳಿದನೆಂದರೆ, ಒಳಗೆ ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ. ಔಷಧಿಗೆ ಬಗ್ಗದಂತೆಯೂ ಆಗಬಹುದು. ಆಗ ಚಿಕಿತ್ಸೆ ಕಠಿಣವಾಗುತ್ತದೆ, ಪ್ರಾಣಕ್ಕೂ ಸಂಚಕಾರ.

ಗೆಳೆಯನ ಕರ್ತವ್ಯ

ವಿಶ್ವಾಸಕ್ಕೆ ಪಾತ್ರನಾದ ಒಬ್ಬರು ರೋಗಿಗೆ ಚಿಕಿತ್ಸಾ ಬೆಂಬಲಿಗರಾಗಿರುವ ವ್ಯವಸ್ಥೆ ಕ್ಷಯರೋಗ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆಯಂತೆ ಗೆಳೆಯನೂ ತರಬೇತಿ ಪಡೆದು ಈ ಹೊಣೆ ಹೊರಬಹುದು.

1. ದಿನವೂ ಗೊತ್ತಾದ ಹೊತ್ತಿಗೆ ಗುಳಿಗೆ ನುಂಗುವುದನ್ನು ಎದುರಿಗಿದ್ದು ನೋಡುವುದು.

2. ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅಂಜಬೇಡವೆಂದು ತಿಳಿಸುವುದು. ಅದು ಔಷಧಿಯ ಬಣ್ಣ. ಆದರೆ ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ದೃಷ್ಟಿ ಮಂದವಾಗುವುದು, ಕೈಕಾಲು ಜೋಮು ಹಿಡಿಯುವುದು ಕಂಡರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯುವುದು.

3. ಬೀಡಿ, ಹೊಗೆಸೊಪ್ಪು, ಮದ್ಯಗಳನ್ನು ರೋಗಿಯೊಡನೆ ತಾನೂ ತ್ಯಜಿಸುವುದು. ತಾನು ಸೇದುತ್ತ ಅವನಿಗೆ ಬೇಡವೆಂದರೆ ಆ ಮಾತು ನಾಟದು.

4. ಸುಗ್ಗಿಯ ಕೆಲಸದಲ್ಲಿ ಅವನ ಪಾಲಿನ ಹೊರೆಯನ್ನು ತಾನು ಹೊರುವುದು.

ಮತ್ತೆ ಅಂಕಣಕ್ಕೆ

ಸರಿಯಾದ ಔಷಧಿ ಆರಂಭವಾದ ಕೆಲವು ವಾರಗಳಲ್ಲಿ ರೋಗ ಹರಡುವ ಸಂಭವ ಬಹಳವಾಗಿ ಕುಗ್ಗುತ್ತದೆ. ಆದರೂ ಮೈಗೆ ಮೈ ತಾಗುವ, ಮುಖದೆದುರು ಉಸಿರು ಬಿಡುವ ಕಬಡ್ಡಿಗೆ ವೈದ್ಯರ ಅಪ್ಪಣೆ ಬೇಕು. ಅಲ್ಲಿಯವರೆಗೆ ಇಬ್ಬರೂ ಬೆಳಗಿನ ಹೊತ್ತು ಕಾಲುವೆಯ ಬದಿಯ ದಾರಿಯಲ್ಲಿ ನಡೆಯಲಿ. ಮೊದಲು ಏದುಸಿರು ಬಾರದಷ್ಟು ದೂರ. ವಾರ ಕಳೆದಂತೆ ಸ್ವಲ್ಪ ಹೆಚ್ಚು. ಬಲಶಾಲಿಯಾದವನು ತನ್ನ ಹೆಜ್ಜೆಯನ್ನು ಗೆಳೆಯನ ಹೆಜ್ಜೆಗೆ ಇಳಿಸಿಕೊಳ್ಳಬೇಕು. ಎದೆನೋವು, ತಲೆಸುತ್ತು, ಕಫದಲ್ಲಿ ರಕ್ತ ಕಂಡರೆ ಕೂಡಲೆ ನಿಲ್ಲಿಸತಕ್ಕದ್ದು.

"ಚಿಕಿತ್ಸೆ ಮುಗಿದ ಮೇಲೆ ಬರುವ ಪಂದ್ಯದಲ್ಲಿ ಕೂಡಿ ಆಡೋಣ" ಎಂಬ ಒಪ್ಪಂದವು ಕೊನೆಯ ನಾಲ್ಕು ತಿಂಗಳ ಬೇಸರವನ್ನು ಕಳೆಯಬಲ್ಲದು. ಕೆಲವರ ಶ್ವಾಸಕೋಶದಲ್ಲಿ ರೋಗದ ಕಲೆ ಉಳಿಯುವುದರಿಂದ ಮೊದಲಿನ ಉಸಿರು ಪೂರ್ತಿ ಮರಳದಿರಬಹುದು. ಅಂತಹವನು ಹುಡುಗರಿಗೆ ಆಟ ಕಲಿಸಲಿ, ತೀರ್ಪುಗಾರನಾಗಲಿ. ತಂಡದಲ್ಲಿ ಅವನ ಸ್ಥಾನ ತಪ್ಪಬಾರದು.

ದಂಪತಿಗಳು ಅರಿಯಬೇಕಾದುದು

ಮನೆಯ ಎಲ್ಲರೂ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳು, ಪರೀಕ್ಷೆಗೆ ಒಳಪಡಬೇಕು. ರೋಗವಿಲ್ಲದವರಿಗೂ ವೈದ್ಯರು ತಡೆ ಔಷಧಿಯನ್ನು ಸೂಚಿಸಬಹುದು. ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯುವುದು, ಕಿಟಕಿ ತೆರೆದು ಗಾಳಿ ಬೆಳಕು ಬರಗೊಡುವುದು ಒಳ್ಳೆಯದು. ತಟ್ಟೆ, ಲೋಟಗಳಿಂದ ಕ್ಷಯ ಹರಡದು. ಅವನ್ನು ಬೇರೆಯಿಟ್ಟು ರೋಗಿಯ ಮನಸ್ಸನ್ನು ನೋಯಿಸಬೇಡಿ.

ಮಡದಿಯೇ ರೋಗಿಯಾದರೆ ಅವಳಿಗೂ ಇದೇ ಆರೈಕೆ ಸಲ್ಲಬೇಕು; ತವರಿಗೆ ಕಳುಹಿಸಿ ಕೈ ತೊಳೆದುಕೊಳ್ಳುವುದು ಅಧರ್ಮ. ಕ್ಷಯದ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್, ಸಂತಾನ ನಿಯಂತ್ರಣದ ನುಂಗುವ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಆದ್ದರಿಂದ ಚಿಕಿತ್ಸೆಯ ಕಾಲದಲ್ಲಿ ವೈದ್ಯರನ್ನು ವಿಚಾರಿಸಿ ನಿರೋಧ್ ಅಥವಾ ವಂಕಿಯಂತಹ ಬೇರೆ ವಿಧಾನವನ್ನು ಅನುಸರಿಸಿರಿ. ಗರ್ಭಿಣಿಯಾಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಔಷಧಿಯನ್ನು ತಾನಾಗಿ ನಿಲ್ಲಿಸಕೂಡದು.

ಅನ್ನದೊಡನೆ ಬೇಳೆಕಾಳು, ಮೊಟ್ಟೆ, ಹಾಲು, ಶೇಂಗಾ, ಸೊಪ್ಪುಗಳಿರಲಿ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸರಕಾರವು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಆ ಹಣವು ರೋಗಿಯ ಊಟಕ್ಕೇ ವಿನಿಯೋಗವಾಗಲಿ.

ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕುಳಿತವನನ್ನು ಮತ್ತೆ ಅಂಕಣಕ್ಕೆ ತರುವುದು ಜೊತೆಯವರು ಗಳಿಸಿದ ಅಂಕ. ರೋಗದಿಂದ ಹೊರಗೆ ಕುಳಿತವನನ್ನು ಬದುಕಿಗೆ ಮರಳಿ ತರುವುದು ಆರು ತಿಂಗಳು ತಪ್ಪದ ಗುಳಿಗೆ, ಮಡದಿಯ ಆರೈಕೆ ಮತ್ತು ದಿನವೂ ಬಾಗಿಲಿಗೆ ಬಂದು ನಿಲ್ಲುವ ಗೆಳೆಯ. ನಿಮ್ಮ ಊರಿನಲ್ಲಿ ಕೆಮ್ಮುತ್ತಿರುವವರು ಯಾರಾದರೂ ಇದ್ದಲ್ಲಿ, ನಾಳೆ ಬೆಳಿಗ್ಗೆಯೇ ಅವರೊಡನೆ ಆರೋಗ್ಯ ಕೇಂದ್ರಕ್ಕೆ ಹೊರಡಿರಿ.