ಹಗುರ ಗೋಡೆಗೆ ಭಾರದ ಕಪಾಟು

ಚಾಳಿನ ಖೋಲಿಯನ್ನು ಬಿಟ್ಟು ಹೊಸ ಕಟ್ಟಡದ ಫ್ಲಾಟಿಗೆ ಬಂದ ಬಂಧುಗಳ ಮನೆಗೆ ಹೋದಾಗಲೆಲ್ಲ ನಮ್ಮ ದೃಷ್ಟಿ ಮೊದಲು ಹರಿಯುವುದು ಅಡುಗೆಮನೆಯ ಗೋಡೆಯ ಕಡೆಗೆ. 2025ರ ಆಗಸ್ಟಿನಲ್ಲಿ ವರ್ಲಿಯ ಬಿ.ಡಿ.ಡಿ. ಚಾಳುಗಳ 556 ಕುಟುಂಬಗಳಿಗೆ ಹೊಸ ಮನೆಗಳ ಬೀಗದ ಕೈ ದೊರೆಯಿತು. 160 ಚದರಡಿಯಲ್ಲಿ ಬಾಳಿದವರಿಗೆ 500 ಚದರಡಿ. ಮುಂಬಯಿಯಲ್ಲೂ ಉಪನಗರಗಳಲ್ಲೂ ಹೀಗೆ ಮನೆ ಬದಲಿಸುವವರು ಹಳೆಯ ಸಾಮಾನನ್ನೆಲ್ಲ ತರುತ್ತಾರೆ. ಗೋಡೆಯೂ ಹಳೆಯದೇ ಎಂಬ ನಂಬಿಕೆಯನ್ನೂ ಜೊತೆಗೆ ತರುತ್ತಾರೆ.

ಈಗಿನ ಗೋಡೆಗಳು ಒಂದೇ ಜಾತಿಯವಲ್ಲ. ಕೆಲವು ಅಪ್ಪಟ ಕಾಂಕ್ರೀಟಿನವು. ಅವುಗಳ ಚಿಂತೆ ಬೇಡ. ಬಹಳಷ್ಟು ಕಡೆ ಕಾಣುವುದು ಹಗುರ ಬ್ಲಾಕು. ಸ್ವೀಡನ್ನಿನ ವಾಸ್ತುಶಿಲ್ಪಿ ಆಕ್ಸೆಲ್ ಎರಿಕ್ಸನ್ 1920ರ ದಶಕದಲ್ಲಿ ಕಂಡುಹಿಡಿದ ಇದರ ತಯಾರಿಕೆ ನಮ್ಮ ಹೋಟೇಲು ಬಂಧುಗಳಿಗೆ ಹೊಸದೆನಿಸದು. ಸಿಮೆಂಟು, ಸುಣ್ಣ, ಹಾರುಬೂದಿಗಳನ್ನು ನೀರಿನಲ್ಲಿ ಕಲಸಿ ಚಿಟಿಕೆ ಅಲ್ಯೂಮಿನಿಯಮ್ ಪುಡಿ ಹಾಕಿದರೆ ಹಿಟ್ಟು ಉಬ್ಬುತ್ತದೆ. ಬಳಿಕ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಇಡ್ಲಿಯೇ ಸರಿ! ಒಳಗಿನ ಗಾಳಿಗುಳ್ಳೆಗಳು ಸೆಕೆಯನ್ನು ತಡೆಯುತ್ತವೆ, ತೂಕವು ಸುಟ್ಟ ಇಟ್ಟಿಗೆಯ ಮೂರನೆಯ ಒಂದು ಪಾಲಿನಷ್ಟು. ಆದರೆ ಇಡ್ಲಿಗೆ ಮೊಳೆ ಹೊಡೆದು ಭಾರ ತೂಗಹಾಕುವವರುಂಟೇ?

ಅಂಧೇರಿಯ ನಮ್ಮ ಹೋಟೇಲಿನ ಭಟಾರಖಾನೆಯಲ್ಲಿ ತಟ್ಟೆಲೋಟಗಳ ಕಪಾಟನ್ನು ತೆಳುವಾದ ಅಡ್ಡಗೋಡೆಗೆ ಬಡಿಸಿದ್ದೆವು. ಬಡಗಿ ಅನುಮಾನಿಸಿದ, ಸಾಕು, ಮೊಳೆ ಹೊಡೆ ಎಂದವರು ನಾವೇ. ಒಂದು ರಾತ್ರಿ ಅದು ಪಾತ್ರೆಗಳ ಸಮೇತ ಕಳಚಿ ಬಿತ್ತು. ಅದರ ಕೆಳಗೆ ದಿನವೂ ಚಾಪೆ ಹಾಸುತ್ತಿದ್ದ ಹುಡುಗ ಅಂದು ರಾತ್ರಿಶಾಲೆಯ ಪರೀಕ್ಷೆಗೆಂದು ಗಲ್ಲಾದ ದೀಪದಡಿ ಓದುತ್ತ ಕುಳಿತಿದ್ದ. ಆ ಚಾಪೆಯ ಮೇಲೆ ಬಿದ್ದಿದ್ದ ತಟ್ಟೆಗಳನ್ನು ನಾವೇ ಎತ್ತಿದೆವು, ಕೈ ನಡುಗುತ್ತಿತ್ತು.

ಕಪಾಟು ಕೆಳಕ್ಕೆ ಎಳೆಯುತ್ತದೆಂದಷ್ಟೇ ನಾವು ತಿಳಿಯುತ್ತೇವೆ. ಭಾರವು ಗೋಡೆಯಿಂದ ಮುಂದಿರುವುದರಿಂದ ಮೇಲಿನ ತಿರುಪುಗಳನ್ನು ಅದು ಹೊರಕ್ಕೂ ಕೀಳುತ್ತದೆ. ಎರಡಡಿ ಎತ್ತರ, ಒಂದಡಿ ಆಳದ ಕಪಾಟು ತುಂಬಿ 60 ಕಿಲೋ ಆದರೆ ಹೊರಸೆಳೆತ ಸುಮಾರು 15 ಕಿಲೋ. ತೆರೆದ ಬಾಗಿಲಿಗೆ ಮಗುವೊಂದು ಜೋತುಬಿದ್ದರೆ ಅದು ಇಮ್ಮಡಿಯಾದೀತು.

ಆದುದರಿಂದ ಮೊದಲು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಬೇಕು, ಕಣ್ಣಿಗೆ ಬೀಳದ ಮೂಲೆಯಲ್ಲಿ ಸಣ್ಣ ರಂಧ್ರ ಕೊರೆಯಬೇಕು. ಬಿಳಿಬೂದು ಪುಡಿ ಸಲೀಸಾಗಿ ಉದುರಿದರೆ ಹಗುರ ಬ್ಲಾಕು. ಅಲ್ಲಿ ಡ್ರಿಲ್ಲಿನ ಬಡಿತವನ್ನು ನಿಲ್ಲಿಸಿ ಬರಿಯ ತಿರುಗಣೆಯಿಂದಲೇ ಕೊರೆಯತಕ್ಕದ್ದು, ಇಲ್ಲವಾದರೆ ರಂಧ್ರ ಹಿಗ್ಗುತ್ತದೆ. ಒಳಗೆ ಹಿಗ್ಗಿ ಕಚ್ಚುವ ಕಬ್ಬಿಣದ ಬೋಲ್ಟು ಕಾಂಕ್ರೀಟಿಗೆ ಲೇಸು. ಮೆದು ಬ್ಲಾಕನ್ನು ಅದು ಸೀಳುತ್ತದೆ. ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ರೂಪಿಸಿದ ನೈಲಾನ್ ಗಿಟ್ಟಿಯ ವಂಶದಲ್ಲಿ ಈ ಬ್ಲಾಕಿಗೆಂದೇ ಮಾಡಿದ ಉದ್ದನೆಯವು ದೊರೆಯುತ್ತವೆ. ಗಿಲಾಯಿಯನ್ನು ದಾಟಿ ಬ್ಲಾಕಿನ ಆಳಕ್ಕೆ ಅವು ಹೋಗಬೇಕು. ಕಪಾಟನ್ನು ನೇರವಾಗಿ ಬಿಗಿಯುವ ಬದಲು ಗೋಡೆಗೆ ಉದ್ದನೆಯ ಅಡ್ಡಪಟ್ಟಿಯನ್ನು ಹಲವು ತಿರುಪುಗಳಿಂದ ಕೂರಿಸಿ ಅದಕ್ಕೆ ತೂಗಹಾಕಿದರೆ ಭಾರ ಹಂಚಿಹೋಗುತ್ತದೆ.

ತಟ್ಟಿದಾಗ ಡೋಲಿನಂತೆ ಟೊಳ್ಳು ಸದ್ದು ಬಂದರೆ ಅದು ಜಿಪ್ಸಮ್ ಹಲಗೆ. ಒಳಗೆ ತಗಡಿನ ಕಂಬಗಳು, ಕೆಲವೆಡೆ ಅವುಗಳ ನಡುವೆ ಸದ್ದು-ಸೆಕೆ ತಡೆಯುವ ಹತ್ತಿಯಂಥ ತುಂಬು. ಅಯಸ್ಕಾಂತ ಆಡಿಸಿದರೆ ಕಂಬ ಸಿಗುತ್ತದೆ. ಪಟ್ಟಿಯನ್ನು ಕಂಬದಿಂದ ಕಂಬಕ್ಕೆ ಬಿಗಿಯಿರಿ, ಬರಿಯ ಹಲಗೆಯನ್ನು ನಂಬಬೇಡಿ. ಸ್ವಿಚ್ಚಿನ ನೇರ ಮೇಲೆ ಕೆಳಗೆ ಕೊರೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಬಾಡಿಗೆ ಮನೆಯವರಿಗೆ, ಗೋಡೆ ಯಾವುದೆಂದು ತಿಳಿಯದವರಿಗೆ ನಮ್ಮ ಸಲಹೆ ಒಂದೇ: ಕಪಾಟಿಗೆ ಕಾಲು ಕೊಟ್ಟು ಭಾರವನ್ನು ನೆಲಕ್ಕೆ ಒಪ್ಪಿಸಿರಿ, ಮುಗ್ಗರಿಸದಂತೆ ತಲೆಯನ್ನಷ್ಟೇ ಗೋಡೆಗೆ ಕಟ್ಟಿರಿ. ತೂಗಹಾಕಿದವರು ಅದರ ಮೇಲಂಚಿನ ಗುಂಟ ಗೋಡೆಗೆ ಪೆನ್ಸಿಲಿನ ಗೆರೆ ಎಳೆದಿಡಲಿ. ತಿಂಗಳಾದ ಮೇಲೆ ಕಪಾಟು ಗೆರೆಯಿಂದ ಇಳಿದಿದ್ದರೆ, ಇಲ್ಲವೆ ಹಿಂದಿನ ಸಂದಿಯಲ್ಲಿ ಪೋಸ್ಟ್‌ಕಾರ್ಡು ತೂರುವಂತಾಗಿದ್ದರೆ, ಪಾತ್ರೆಗಳನ್ನೆಲ್ಲ ಅಂದೇ ಕೆಳಗಿಳಿಸಬೇಕು.