ನಿಮಗೆ ವಾಪಸಾತಿ, ಮಕ್ಕಳಿಗೆ ವಲಸೆ

ಸೌದಿ ಅರೇಬಿಯಾದಲ್ಲಿ 2017ರ ಜುಲೈಯಿಂದ ವಿದೇಶಿ ನೌಕರರ ಹೆಂಡತಿ-ಮಕ್ಕಳ ಮೇಲೆ ತಿಂಗಳಿಗೆ ತಲಾ 100 ರಿಯಾಲ್ ಶುಲ್ಕ ಜಾರಿಗೆ ಬಂತು. ಅದು ಪ್ರತಿವರ್ಷ ನೂರು ನೂರು ಏರಿ 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿರುವ ಒಬ್ಬ ನೌಕರನ ಲೆಕ್ಕ ಹಾಕಿ ನೋಡಿ: ಮೊದಲು ವರ್ಷಕ್ಕೆ 4,800 ರಿಯಾಲ್, ಕೊನೆಗೆ 19,200. ಇಕಾಮಾ ನವೀಕರಿಸುವಾಗ ಇದನ್ನು ಕಟ್ಟಲೇಬೇಕು. ಸಾಧಾರಣ ಸಂಬಳದವರು ಕುಟುಂಬಕ್ಕೆ ಎಕ್ಸಿಟ್ ಹೊಡೆಸಿ ಕಳಿಸಿದ್ದು ಹೀಗೆ. ಕರಾವಳಿಯ ಎಷ್ಟೋ ಮನೆಗಳಿಗೆ ಈ ಕಥೆ ಗೊತ್ತು.

ಹಾಗೆ ಬಂದವರೆಲ್ಲ ಊರಿಗೇ ಹೋಗಲಿಲ್ಲ. ಅಣ್ಣನೋ ಮಾವನೋ ಮೊದಲೇ ನೆಲೆಸಿದ್ದಾರೆ, ಮಕ್ಕಳಿಗೆ ಕಾಲೇಜು ಹತ್ತಿರ ಎಂದು ಮುಂಬೈ, ಪುಣೆ, ಹೈದರಾಬಾದಿನಲ್ಲಿ ಮನೆ ಮಾಡಿದವರೂ ಇದ್ದಾರೆ. ಇವತ್ತಿಗೂ ಬರುತ್ತಿದ್ದಾರೆ. ಈ ಬರಹ ಅವರಿಗಾಗಿ, ಅವರ ಅಕ್ಕಪಕ್ಕದಲ್ಲಿರುವ ನಮ್ಮಂಥವರಿಗಾಗಿ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ತಂದೆ-ತಾಯಿಗೆ ಇದು ವಾಪಸಾತಿ. ಆದರೆ ಜಿದ್ದಾದಲ್ಲೋ ದಮ್ಮಾಮ್‌ನಲ್ಲೋ ಹುಟ್ಟಿ ಬೆಳೆದ ಮಗುವಿಗೆ ಇದು ವಾಪಸಾತಿ ಅಲ್ಲವೇ ಅಲ್ಲ. ಅದರ ಪಾಲಿಗೆ ಭಾರತ ಅಂದರೆ ರಜೆಯ ದೇಶ, ಎರಡು ತಿಂಗಳು ಅಜ್ಜಿ ಮನೆ. "ನಮ್ಮ ದೇಶಕ್ಕೇ ಬಂದಿದ್ದೀವಲ್ಲ, ಇನ್ನೇನು ಅಳು?" ಎಂದು ನಾವು ಗದರುತ್ತೇವೆ. ಮಗು ಮಾತ್ರ ತನ್ನ ಊರನ್ನು ಬಿಟ್ಟು ಬಂದಿದೆ.

ಊರಿನ ನೆನಪಾಗುವುದು ಕೃತಘ್ನತೆಯಲ್ಲ. ಹಿಜ್ರತ್ ಮಾಡಿ ಮದೀನಾಕ್ಕೆ ಬಂದ ಮೊದಲ ದಿನಗಳಲ್ಲಿ ಹಝ್ರತ್ ಅಬೂಬಕರ್(ರ) ಮತ್ತು ಬಿಲಾಲ್(ರ) ಜ್ವರದಿಂದ ಮಲಗಿದ್ದರು. ತಮ್ಮನ್ನು ಹಿಂಸಿಸಿದ ಮಕ್ಕಾವನ್ನೇ ಬಿಲಾಲ್ ನೆನೆದು ಹಂಬಲಿಸಿದರು, ಅಲ್ಲಿಯ ಹುಲ್ಲು, ನೀರು, ಬೆಟ್ಟ ಇನ್ನೊಮ್ಮೆ ಕಾಣುತ್ತೇನೋ ಎಂದು. ಈ ವಿಷಯ ಪ್ರವಾದಿ(ಸ)ಯವರಿಗೆ ತಿಳಿದಾಗ ಅವರು ಯಾರನ್ನೂ ಗದರಲಿಲ್ಲ. ಮಕ್ಕಾದಷ್ಟೇ, ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ನಮಗೆ ಪ್ರಿಯವಾಗಿಸು ಎಂದು ದುಆ ಮಾಡಿದರು. ನಮ್ಮ ಮಕ್ಕಳ ವಿಷಯದಲ್ಲೂ ದಾರಿ ಇದೇ. ಹಳೆಯ ಊರಿನ ಮಾತಿಗೆ ತಡೆ ಹಾಕದೆ, ಹೊಸ ಊರು ಹಿಡಿಸುವಂತೆ ಮಾಡಬೇಕು.

ಇನ್ನು ಕಾಗದಪತ್ರ. ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನ ಭಾರತೀಯ ರಾಯಭಾರ ಕಚೇರಿಯಲ್ಲಿ ದಾಖಲಾಗಿದ್ದರೆ ಆ ಪ್ರಮಾಣಪತ್ರವನ್ನು ಕೈಯಲ್ಲೇ ತನ್ನಿ, ಲಗೇಜಿನಲ್ಲಿ ಹಾಕಬೇಡಿ. ಅಲ್ಲಿ ದಾಖಲಾಗಿಲ್ಲವೇ? ನೆಲೆಸಲೆಂದೇ ಮರಳಿದ ತಂದೆ-ತಾಯಿ, ಮಗು ಭಾರತಕ್ಕೆ ಬಂದ 60 ದಿನಗಳೊಳಗೆ ಇಲ್ಲೇ ನೋಂದಾಯಿಸಲು 1969ರ ಜನನ-ಮರಣ ನೋಂದಣಿ ಕಾಯ್ದೆಯ 20ನೇ ಕಲಮು ಅವಕಾಶ ಕೊಡುತ್ತದೆ. ನೆಂಟರ ಮನೆ ಸುತ್ತುವುದರಲ್ಲಿ ಈ ಎರಡು ತಿಂಗಳು ಕಳೆದುಹೋಗದಂತೆ ನೋಡಿಕೊಳ್ಳಿ.

ಶಾಲೆಯದ್ದು ಇನ್ನೂ ಸೂಕ್ಷ್ಮ. ಸಿಬಿಎಸ್‌ಇಯಲ್ಲಿ ಹತ್ತನೆಯ ಪರೀಕ್ಷೆಯ ನೋಂದಣಿ ಒಂಬತ್ತರಲ್ಲೇ ಆಗುತ್ತದೆ. ಹಾಗಾಗಿ ನೇರ ಹತ್ತಕ್ಕೆ ಸೇರಿಸುವುದು ಕಷ್ಟ, ಮಂಡಳಿಯ ಒಪ್ಪಿಗೆ ಬೇಕು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಒಂಬತ್ತು ಶುರುವಾಗುವ ಮೊದಲೇ ಬನ್ನಿ. ಎರಡನೆಯದು ಭಾಷೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಮರಾಠಿಯನ್ನೂ, ತೆಲಂಗಾಣದಲ್ಲಿ 2018ರ ಕಾಯ್ದೆ ತೆಲುಗನ್ನೂ ಹತ್ತನೆಯವರೆಗೆ ಕಡ್ಡಾಯ ಮಾಡಿವೆ, ಬೋರ್ಡ್ ಯಾವುದಾದರೂ ಸರಿ. ಹೊರದೇಶದಿಂದ ಬಂದ ಮಗುವಿಗೆ ವಿನಾಯಿತಿ ಉಂಟೋ ಎಂದು ಪ್ರವೇಶದ ದಿನವೇ ಕೇಳಿ. ವಿನಾಯಿತಿ ಸಿಕ್ಕರೂ ಆ ಭಾಷೆ ಕಲಿಸುವುದನ್ನು ಬಿಡಬೇಡಿ. ಕೆಳಗಿನ ಅಂಗಳದಲ್ಲಿ ಆಡುವ ಮಕ್ಕಳ ಜೊತೆ ಸೇರಲು ಅದೇ ಬಾಗಿಲು.

ಹಾಗಾದರೆ ಕನ್ನಡ? ಮನೆಯಲ್ಲಿ ಬ್ಯಾರಿಯೋ ನವಾಯತಿಯೋ ದಖ್ಖನಿಯೋ ಇರುತ್ತದೆ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ಇದರ ನಡುವೆ ಕನ್ನಡವನ್ನು ಪಾಠದಂತೆ ಹೇರಿದರೆ ಮಗು ದೂರ ಓಡುತ್ತದೆ. ಊರಿನ ಅಜ್ಜನಿಗೆ ವಾರಕ್ಕೊಂದು ಫೋನು, ಅದರಲ್ಲಿ ನಾಲ್ಕು ಮಾತು ಕನ್ನಡ. ರಜೆಗೆ ಹೋದಾಗ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ. ಶುರುವಿಗೆ ಇಷ್ಟು ಸಾಕು.

ಗಂಡ ಅಲ್ಲೇ ಉಳಿದು ಕುಟುಂಬ ಮಾತ್ರ ಬಂದಿದ್ದರೆ, ತಾಯಂದಿರೇ, ಇದನ್ನು ಗಮನವಿಟ್ಟು ಓದಿ. ಬಾಡಿಗೆ ಕರಾರು, ಗ್ಯಾಸ್, ಶಾಲೆ, ಬ್ಯಾಂಕು ಎಲ್ಲವೂ ಅವರ ಹೆಸರಿನಲ್ಲಿದ್ದು ಓಟಿಪಿ ರಿಯಾದ್‌ನ ಮೊಬೈಲಿಗೆ ಹೋದರೆ ಇಲ್ಲಿ ನಿಮ್ಮ ಕೈ ಕಟ್ಟಿದಂತೆ. ನಿಮ್ಮದೇ ಹೆಸರಿನ ಖಾತೆ, ನಿಮ್ಮದೇ ನಂಬರ್ ಇರಲಿ. ಶಾಲೆಯ ದಾಖಲೆಯಲ್ಲಿ ನಿಮ್ಮ ಸಹಿಯೂ ನಡೆಯಲಿ. ಇದು ಗಂಡನ ಮೇಲಿನ ಅಪನಂಬಿಕೆಯಲ್ಲ. ರಾತ್ರಿ ಹನ್ನೊಂದಕ್ಕೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾದವರು ನೀವು.

ಮನೆ ಹುಡುಕುವಾಗಿನ ಕಹಿಯನ್ನು ಮುಚ್ಚಿಡುವುದು ಬೇಡ. ಫೋನಿನಲ್ಲಿ "ಬನ್ನಿ ನೋಡಿ" ಎಂದವರು ಹೆಸರು ಕೇಳಿದ ಮೇಲೆ "ಬೇರೆಯವರಿಗೆ ಕೊಟ್ಟಾಯ್ತು" ಅನ್ನುವುದುಂಟು. ಹಾಗಾಗಿ ಮುಂಬ್ರಾ, ಮೀರಾ ರೋಡ್‌ನಂಥ ಕಡೆ ನಮ್ಮವರ ನಡುವೆಯೇ ಮನೆ ಮಾಡುವವರು ಹೆಚ್ಚು. ಅದರಲ್ಲಿ ಧೈರ್ಯವಿದೆ, ಮಸೀದಿ ಹತ್ತಿರ, ಮದರಸ ಹತ್ತಿರ. ಆದರೆ ಮಕ್ಕಳ ಗೆಳೆತನ ಅಷ್ಟಕ್ಕೇ ನಿಲ್ಲದಿರಲಿ. ಆಟದ ಮೈದಾನ, ಗ್ರಂಥಾಲಯ, ಪಕ್ಕದ ಕಟ್ಟಡದ ಮನೆಗಳಿಗೂ ಅವರನ್ನು ಕಳಿಸಿ.

ಕೊನೆಯದಾಗಿ, ಮೊದಲೇ ನೆಲೆಸಿರುವ ನಮ್ಮ ಪಾಲಿನ ಕೆಲಸ. ಮದೀನಾದಲ್ಲಿ ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನೇ ಕೊಡಲು ಬಂದಾಗ ಮುಹಾಜಿರ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೇಳಿದ್ದು ಪೇಟೆಯ ದಾರಿಯನ್ನು. ಹೊಸದಾಗಿ ಬಂದವರಿಗೆ ಬೇಕಾದ್ದು ಅನುಕಂಪಕ್ಕಿಂತ ಹೆಚ್ಚಾಗಿ ದಾರಿ ತೋರಿಸುವವರು. ಒಳ್ಳೆಯ ಶಾಲೆ ಯಾವುದು, ನಂಬಿಕಸ್ಥ ಡಾಕ್ಟರು ಯಾರು, ರೇಷನ್ ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಹೇಳಿ. ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಅವರ ಮಗಳಿಗೆ ಪರಿಚಯ ಮಾಡಿಸಿ. ದೊಡ್ಡವರಿಗೆ ನೀವು ಹತ್ತು ಸಲಹೆ ಕೊಡಬಹುದು, ಆದರೆ ಸೋಮವಾರ ಬೆಳಿಗ್ಗೆ ಆ ಹುಡುಗಿಗೆ ಬೇಕಾದ್ದು ಶಾಲೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಒಬ್ಬ ಗೆಳತಿ.